ಅಪ್ಪನ ಬಾಯಿ ಮೂಸಿದ್ದಕ್ಕೆ

ಅಪ್ಪಾ,

ಹಾಲು ಒಲೆ ಮೇಲಿದೆ, ಕಾಯಿಸ್ಕೋ. ಉಕ್ಕಿಸಬೇಡ ಮತ್ತೆ.

ನಿನ್ನ ಕೋಟು ಗೂಟದಲ್ಲಿದೆ. ಇನ್ಮೇಲೆ ಅದರ ಜೇಬು ತಡಕಲ್ಲ.

ನಿನ್ನೆ ನನ್ನ ರಕ್ತದ ರಿಪೋರ್ಟ್ ಬಂತು. ಕ್ಯಾನ್ಸರ್ ಸುಳಿವಿಗೆ ನೋಡ್ತಾರಲ್ಲ, ಆ ಅಂಶ ಜನ್ಮದಲ್ಲಿ ಸಿಗರೇಟ್ ಮುಟ್ಟದ ನನಗೂ ನಿನ್ನಷ್ಟೇ ಜಾಸ್ತಿ ಇದೆ. ಗಾಬರಿ ಬೇಡ, ಸ್ಕ್ಯಾನ್‌ನಲ್ಲಿ ನನಗೂ ನಿನ್ನ ಹಾಗೇ ಏನೂ ಇಲ್ಲ. "ನಿಮ್ಮ ವಂಶಕ್ಕೇ ಹುಟ್ಟಿನಿಂದ ಹೀಗೆ" ಅಂದ್ರು ಡಾಕ್ಟರ್.

ನಾನೋ, ನೀನು ಕದ್ದು ಸೇದಿದ್ದಕ್ಕೇ ಅದು ಏರಿದೆ ಅಂತ, ದಿನಾ ಬಾಗಿಲಲ್ಲೇ ನಿಲ್ಲಿಸಿ ನಿನ್ನ ಅಳಿಯನ ಎದುರೇ ಬಾಯಿ ಮೂಸಿದೆ. ನೀನು ಮಗು ಥರ "ಹಾ" ಅಂತಿದ್ದೆ. ನೆನೆಸಿಕೊಂಡ್ರೆ ಭೂಮಿ ಬಾಯ್ಬಿಡಬಾರದಾ ಅನ್ಸುತ್ತೆ.

ಎದುರು ನಿಂತು ಹೇಳೋಕೆ ಮುಖ ಇಲ್ಲ.

ಸಂಜೆ ಬಾಗಿಲು ನೀನೇ ತೆಗಿ. ಒಳಗೆ ಬಿಡೋ ಮುಂಚೆ ನನ್ನ ಬಾಯಿ ಮೂಸು.

ನಿನ್ನ ಮಗಳು