ತುತ್ತೂರಿಯ ತುಟಿಗೆ ಒಂದು ಡಬ್ಬಿ

ಭಾನುವಾರ, ಊಟವಾದ ಮೇಲೆ
ಅಡುಗೆಮನೆಯ ಮೇಜಿನಿಂದ

ನಗರ ವಾದ್ಯವೃಂದದ ಭಾವೀ ರತ್ನವೂ, ಮಹಾಮೌನವ್ರತಧಾರಿಣಿಯೂ, ಒಂದೇ ಹೊಟ್ಟೆಯಲ್ಲಿ ನನಗಿಂತ ಮೊದಲು ಜಾಗ ಹಿಡಿದದ್ದರಿಂದ ಮಾತ್ರ ನನ್ನ ಅಕ್ಕನೂ ಆಗಿರುವ ತುತ್ತೂರಿಗೆ,

ತಂಗಿಯಾದ ಕಿತಾಪತಿ ಮಾಡುವ ನಮಸ್ಕಾರ. ಸಾಷ್ಟಾಂಗವಲ್ಲ. ಅಡ್ಡಬಿದ್ದರೆ ತಪ್ಪೊಪ್ಪಿಕೊಂಡಂತೆ ಕಾಣುತ್ತದೆ. ಆದ್ದರಿಂದ ಬೆನ್ನು ನೆಟ್ಟಗಿಟ್ಟುಕೊಂಡು, ಕೈ ಮಾತ್ರ ಜೋಡಿಸಿ, ಜೋಡಿಸಿದ ಕೈಯಲ್ಲೇ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಭಕ್ತಿಯ ದೋಷ.

ಇದು ಕ್ಷಮಾಪಣೆ ಪತ್ರವಲ್ಲ. ಅಮ್ಮ ಹಾಗಂದುಕೊಂಡಿದ್ದಾಳೆ. ಎದುರಿನ ಕುರ್ಚಿಯಲ್ಲಿ ಒಣಗಿದ ಬಟ್ಟೆ ಮಡಚುವ ನೆಪದಲ್ಲಿ ಕಾವಲು ಕೂತಿದ್ದಾಳೆ. “ಜಾಸ್ತಿ ಏನೂ ಬೇಡ. ‘ತಪ್ಪಾಯ್ತು, ಇನ್ಮೇಲೆ ಮಾಡಲ್ಲ’ ಅಂತ ಎರಡು ಸಾಲು ಬರಿ. ನಾನು ಓದಿ ಲಕೋಟೆಗೆ ಹಾಕ್ತೀನಿ” ಎಂದಳು. ಕೋರ್ಟಿನಲ್ಲಿ ವರ್ಷಗಟ್ಟಲೆ ತೀರ್ಪುಗಳನ್ನು ಟೈಪ್ ಮಾಡಿ ಮಾಡಿ, ವಿಚಾರಣೆ ಎಂಬುದೊಂದು ಇದೆ ಎನ್ನುವುದೇ ಅವಳಿಗೆ ಮರೆತುಹೋಗಿದೆ. ತೀರ್ಪು ಮೊದಲು, ಉಳಿದದ್ದು ಆಮೇಲೆ. ಓದಲಿ. ನಾನು ಬರೆಯುವುದರಲ್ಲಿ ಅಡಗಿಸುವಂಥದ್ದು ಏನೂ ಇಲ್ಲ. ಅಡಗಿಸಬೇಕಾದದ್ದನ್ನು ನಾನು ಬರೆಯುವುದೇ ಇಲ್ಲ.

ನಿನ್ನ ತುತ್ತೂರಿಯ ಕೊರಳಿಗೆ ಹತ್ತಿ ತುರುಕಿದ್ದು ನಾನೇ. ಅದರ ಬಾಯಿಗೆ ಜ್ವರದ ಮಾತ್ರೆ ಅರೆದು ಸವರಿದ್ದೂ ನಾನೇ, ಮತ್ತು ಆ ದಿನ ನಿನ್ನ ಮುಖ ಹೋದ ಹೋದ ದಿಕ್ಕುಗಳನ್ನು ನೆನೆದರೆ ಈಗಲೂ ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಉಪ್ಪು ಸಕ್ಕರೆಯ ವಿಷಯವನ್ನು ಇಡೀ ಬೀದಿ ಬಲ್ಲದು. ಇವೆಲ್ಲ ನನ್ನ ಕೃತಿಗಳು. ಬೇಕಾದರೆ ಕೆಳಗೆ ರುಜು ಹಾಕಿಕೊಡುತ್ತೇನೆ. ಆದರೆ ನಾನು ಮಾಡದ ಒಂದನ್ನು ನನ್ನ ಕೊರಳಿಗೆ ಕಟ್ಟಿದರೆ ಒಪ್ಪಲಾರೆ. ಕಲಾವಿದೆಗೂ ಒಂದು ಮಾನವಿರುತ್ತದೆ. ಇನ್ನೊಬ್ಬರ ಕೃತಿಗೆ ತನ್ನ ಹೆಸರು ಹಾಕಿಕೊಳ್ಳುವವರು ಕಳ್ಳರು.

ನಿನ್ನ ತುಟಿ ಸುಟ್ಟದ್ದು ನನ್ನ ಕಿತಾಪತಿಯಲ್ಲ.

ಮತ್ತೊಮ್ಮೆ ಓದು. ನಾನು ಕಾಯುತ್ತೇನೆ.

ನಿನ್ನ ತುಟಿಗೆ ಹಚ್ಚಲು ಕೊಟ್ಟ ಆ ಮುಲಾಮನ್ನು ನಾನು ಯಾಕೆ ಮಾಡಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಒಣಗಾಳಿಯಲ್ಲಿ ಟೆರೇಸಿನ ಮೇಲೆ ನಿಂತು ಅಭ್ಯಾಸ ಮಾಡಿ ಮಾಡಿ ನಿನ್ನ ತುಟಿ ಬಿರುಕು ಬಿಟ್ಟ ಕೆರೆಯ ತಳದ ಹಾಗಾಗಿತ್ತು. ಅಂಗಡಿಯ ತುಟಿಕಡ್ಡಿ ಹಚ್ಚಿದರೆ ತಣ್ಣಗೆ ಮರಗಟ್ಟುತ್ತದೆ, ಊದುವಾಗ ತುಟಿ ಎಲ್ಲಿದೆ ಅಂತಲೇ ತಿಳಿಯೋದಿಲ್ಲ ಎಂದು ನೀನು ಕನ್ನಡಿಯ ಎದುರು ಗೊಣಗಿದ್ದೆ. ನನಗಲ್ಲ, ಕನ್ನಡಿಗೆ. ನಾನು ಬಾಗಿಲ ಸಂದಿಯಲ್ಲಿದ್ದೆ. ನಿನ್ನ ಚಪ್ಪಲಿಗೆ ದಾರ ಕಟ್ಟುವ ಘನಕಾರ್ಯಕ್ಕೆಂದು ಬಂದಿದ್ದವಳು ಕಟ್ಟದೇ ವಾಪಸು ಹೋದೆ. ನನ್ನ ಜೀವಮಾನದಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಅದೊಂದೇ.

ಪಕ್ಕದ ಮನೆಯ ಬಡಗಿ ಮಾವ ಮೇಜಿನ ಡ್ರಾಯರ್ ಸರಾಗವಾಗಿ ಜಾರಲೆಂದು ಜೇನುಮೇಣ ಉಜ್ಜುತ್ತಾರಲ್ಲ, ಅವರ ಹತ್ತಿರ ಒಂದು ತುಂಡು ಬೇಡಿ ತಂದೆ. “ಎಂಥದಕ್ಕೆ?” ಎಂದರು. ತುಟಿಗೆ ಎಂದೆ. “ನಿನ್ನ ತುಟಿ ಸರಾಗವಾಗೇ ಜಾರ್ತದಲ್ಲೇ ಮಾರಾಯ್ತಿ, ಅದಕ್ಕೆ ಬೇಕಾಗಿರೋದು ಚಿಲಕ” ಎಂದರು. ಕೊಟ್ಟರು ಬಿಡು.

ಮೊದಲ ಪಾಕ ಕಲ್ಲಾಯಿತು. ಅದರಿಂದ ಗೋಡೆಯ ಮೇಲೆ ಬರೆಯಬಹುದಿತ್ತು. ಎರಡನೆಯದು ನೀರು. ಮೂರನೆಯದಕ್ಕೆ ಚೆಂದ ಕಾಣಲಿ ಎಂದು ಬೀಟ್‌ರೂಟಿನ ರಸ ಹಾಕಿದೆ. ಎಣ್ಣೆ ಒಂದು ಕಡೆ, ರಸ ಒಂದು ಕಡೆ ನಿಂತು, ಈಗಿನ ನಿನ್ನ ನನ್ನ ಹಾಗೆ ಒಂದನ್ನೊಂದು ನೋಡಲೇ ಇಲ್ಲ. ಆಮೇಲೆ ಹದ ಸಿಕ್ಕಿತು. ಒಂದು ಚಮಚ ತುರಿದ ಮೇಣಕ್ಕೆ ನಾಲ್ಕು ಚಮಚ ಎಣ್ಣೆ. ನೇರ ಉರಿಗೆ ಇಡಬಾರದು, ಕುದಿಯುವ ನೀರಿನ ಪಾತ್ರೆಯೊಳಗೆ ಬಟ್ಟಲು ಕೂರಿಸಿ ನಿಧಾನವಾಗಿ ಕರಗಿಸಬೇಕು. ಫ್ರಿಜ್ಜಿನಲ್ಲಿಟ್ಟ ಚಮಚದ ಬೆನ್ನಿಗೆ ಒಂದು ಹನಿ ಬಿಟ್ಟರೆ ಗಟ್ಟಿಯಾಗುತ್ತದೆ, ಬೆರಳಿಂದ ಒತ್ತಿದರೆ ಹದ ಗೊತ್ತಾಗುತ್ತದೆ. ಈ ಜ್ಞಾನಕ್ಕಾಗಿ ನಾನು ಬಟ್ಟಲು, ಚಮಚ, ಅಮ್ಮನ ಸಹನೆ ಎಲ್ಲವನ್ನೂ ಮೇಣಮಯ ಮಾಡಿದ್ದೇನೆ.

ಅಲ್ಲಿಯವರೆಗೆ ನಾನು ಬಳಸಿದ್ದು ಬರೀ ಕೊಬ್ಬರಿ ಎಣ್ಣೆ. ವಾದ್ಯವೃಂದಕ್ಕೆ ಸೇರುವ ನಿನ್ನ ಪರೀಕ್ಷೆಯ ಹಿಂದಿನ ಸಂಜೆ ಮಾಡಿದ ಪಾಕಕ್ಕೆ ಮಾತ್ರ, ದೊಡ್ಡ ದಿನವಲ್ಲವೇ ಎಂದು ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಬಾದಾಮಿ ಎಣ್ಣೆ ಹಾಕಿದೆ. ಕಪಾಟಿನ ಮೇಲಿನ ಗೂಡಿನಲ್ಲಿ, ‘ಬಾದಾಮಿ’ ಎಂದು ಚೀಟಿ ಅಂಟಿಸಿದ ಶೀಶೆ. ನನಗೆ ಆಗ ನೆಗಡಿಯಾಗಿ ಮೂಗು ಕಟ್ಟಿತ್ತು ಎಂಬುದು ನಿನಗೂ ನೆನಪಿರಬೇಕು. ನನ್ನ ಸೀನಿಗೆ ನೀನು ಶ್ರುತಿ ಹೇಳಿದ್ದೆ. ಇಷ್ಟೇ ನಾನು ಮಾಡಿದ್ದು.

ಮರುದಿನ ನೀನು ವಾದ್ಯವೃಂದದ ಕಟ್ಟಡದ ಹೊರಗೆ, ಸರದಿ ಬರುವ ಮೊದಲು, ಬೆರಳಿಗೆ ಧಾರಾಳವಾಗಿ ತೆಗೆದು ಹಚ್ಚಿಕೊಂಡೆ. ಹೆಸರು ಕರೆಯುವಷ್ಟರಲ್ಲಿ ನಿನ್ನ ತುಟಿ ಕಣಜ ಕಚ್ಚಿದಂತೆ ಊದಿ, ತುತ್ತೂರಿಯಿಂದ ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಶಬ್ದ ಬಂತು. ಮೂವರು ಪರೀಕ್ಷಕರೂ ತಲೆ ತಗ್ಗಿಸಿ ಮೇಜು ನೋಡಿದರು. ಇದೆಲ್ಲ ನೀನೇ ಮನೆಗೆ ಬಂದು, ಬಾಗಿಲಲ್ಲಿ ನಿಂತು, ಅಮ್ಮನಿಗೆ ಹೇಳಿದ್ದು. ಹೇಳುತ್ತಿದ್ದಾಗ ನಾನು ನಕ್ಕೆ.

ನಕ್ಕದ್ದು ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಗಾಬರಿಯಾದರೆ ನನಗೆ ಬರುವುದು ನಗು. ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ನಕ್ಕು ಬೈಸಿಕೊಂಡವಳು ನಾನು. ಆದರೆ ನೀನು ಆ ನಗುವನ್ನೇ ಸಾಕ್ಷಿ ಮಾಡಿಕೊಂಡೆ. “ಇವಳಿಗೆ ಇದೂ ತಮಾಷೆ. ಇವಳಿಗೆ ಎಲ್ಲಾನೂ ತಮಾಷೆ” ಎಂದೆ. ಅಮ್ಮ ಕಲಾಪ ಮುಗಿಸಿದಳು.

ಆಗ ನಾನು ಏನು ಮಾಡಿದೆ? ಉಳಿದ ಮುಲಾಮನ್ನು ನಿಮ್ಮಿಬ್ಬರ ಕಣ್ಣೆದುರೇ ಬಳಿದು ಬಳಿದು ಹಚ್ಚಿಕೊಂಡೆ. ಎರಡು ದಿನ ನನ್ನ ಬಾಯಿ ಕೊಳವೆಯ ತುದಿಯಂತಿತ್ತು, ಪಾನೀಯಗಳನ್ನಷ್ಟೇ ಒಳಗೆ ಬಿಟ್ಟಿತು. ಅಮ್ಮ ಅದಕ್ಕೂ “ನಾಟಕ” ಎಂದಳು. ನನ್ನ ತುಟಿ ಊದಿದ್ದನ್ನು ನೀನು ನೋಡಲಿಲ್ಲ, ಅಷ್ಟರಲ್ಲಿ ಗಂಟುಮೂಟೆ ಕಟ್ಟಿಕೊಂಡು ನಿನ್ನ ನರ್ಸ್ ಗೆಳತಿಯ ಕೋಣೆಗೆ ಹೋಗಿದ್ದೆ. ಆ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿದೆ ಎಂದು ಕೇಳಿದಾಗ, ಆ ಟ್ಯೂಬಿನ ಶಬ್ದ ನೆನೆದು ನನಗೆ ಮತ್ತೆ ನಗು ಬಂತು. ಅದನ್ನೂ ಬರೆದುಕೊ.

ಆ ಪಾಕಕ್ಕೆ ಏನಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಮೂಗು ತೆರೆದ ದಿನವೇ ತಿಳಿಯಿತು. ಹೇಳುವುದಿಲ್ಲ. ಅಮ್ಮ ಕೇಳಿದಳು, ಹೆದರಿಸಿದಳು, ಹೊಸ ಚಪ್ಪಲಿಯ ಆಸೆ ತೋರಿಸಿದಳು. “ಗೊತ್ತಿದ್ರೆ ಬಾಯಿ ಬಿಡು, ಇಲ್ಲಾಂದ್ರೆ ನೀನೇ ಮಾಡಿದ್ದು ಅಂತ ಒಪ್ಪಿಕೋ” ಎಂದಳು. ಎರಡನ್ನೂ ಮಾಡುವುದಿಲ್ಲ ಎಂದೆ. ಇವತ್ತಿಗೂ ಅದೇ ಮಾತು. ನಾನು ಪುರಾವೆ ಕೊಡುವುದಿಲ್ಲ ಅಕ್ಕ. ಪುರಾವೆ ಕೊಟ್ಟರೆ ಬೀದಿಯ ನಾಯಿಯೂ ನಂಬುತ್ತದೆ. ನೀನು ನನ್ನ ಅಕ್ಕ. ನೀನು ಹಾಗೆಯೇ ನಂಬಬೇಕು.

ಮನೆಯಲ್ಲಿ ಹೊಸತೇನಿಲ್ಲ. ಅಜ್ಜಿ ಮೊನ್ನೆ ಹಾಲು ಒಲೆಯ ಮೇಲಿಟ್ಟು, ಕಿಟಕಿಯಲ್ಲಿ ಎದುರುಮನೆಯ ಜಗಳ ಕೇಳುತ್ತಾ ನಿಂತಳು. ಜಗಳ ಅರ್ಧ ಮುಗಿಯುವಷ್ಟರಲ್ಲಿ ಪಾತ್ರೆ ಇದ್ದಿಲು. ಅಮ್ಮ, “ಇನ್ನೊಂದು ಸಲ ಹಿಂಗೆ ಏನಾದ್ರೂ ಮರೆತ್ರೆ ಅಡುಗೆಮನೆಗೇ ಬಿಡಲ್ಲ, ಹೇಳಿದೀನಿ” ಎಂದಳು. ಅಜ್ಜಿ ಮರುಮಾತಾಡದೆ ಪಾತ್ರೆ ಉಜ್ಜಿದಳು. ಉಜ್ಜಿದ್ದನ್ನೇ ಉಜ್ಜಿದಳು. ಅವಳು ಮಾತಾಡದೆ ಇದ್ದದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ನಾನು ಕಂಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವಾದ್ಯವೃಂದಕ್ಕೆ ಆಯ್ಕೆಯಾಗಿದ್ದವನು ಬೇರೆ ಕೆಲಸ ಸಿಕ್ಕಿ ಬಿಟ್ಟುಹೋದನಂತೆ, ಈ ಶುಕ್ರವಾರ ನಿನ್ನನ್ನು ಮತ್ತೆ ಕರೆದಿದ್ದಾರಂತೆ. ನಿನ್ನ ಗೆಳತಿ ಅಮ್ಮನಿಗೆ ಹೇಳಿದ್ದು. ನಿನ್ನ ತುಟಿ ಮತ್ತೆ ಒಡೆದಿದೆ, ಊದಿದಾಗಲೆಲ್ಲ ರಕ್ತ ಜಿನುಗುತ್ತದೆ, ಭಯಕ್ಕೆ ಏನನ್ನೂ ಹಚ್ಚುತ್ತಿಲ್ಲ, ನೀರೊಂದನ್ನೇ ಸವರಿಕೊಳ್ಳುತ್ತಿದ್ದೀಯ ಎಂದೂ ಹೇಳಿದಳು. ನೀರು ಆರಿದರೆ ತುಟಿ ಇನ್ನೂ ಒಣಗುತ್ತದೆ ಎಂದು ಇಷ್ಟು ವಿದ್ಯೆ ಕಲಿತ ನಿನಗೆ ಯಾರಾದರೂ ಹೇಳಬಾರದೆ?

ಆದ್ದರಿಂದ ಈ ಪತ್ರದ ಜೊತೆ ಒಂದು ಡಬ್ಬಿ ಬರುತ್ತಿದೆ. ಅಜ್ಜಿಯ ಗುಂಡಿಗಳ ಡಬ್ಬಿ, ಕುದಿಸಿ ಒರೆಸಿದ್ದು. ಒಳಗೆ ಹೊಸ ಪಾಕ. ಮೇಣವನ್ನು ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಿದ್ದೇನೆ. ಕೊಬ್ಬರಿ ಎಣ್ಣೆ ಇವತ್ತು ಬೆಳಿಗ್ಗೆ ಅಂಗಡಿಯಿಂದ ತಂದು, ಮುಚ್ಚಳದ ಸೀಲನ್ನು ನನ್ನ ಹಲ್ಲಿನಲ್ಲೇ ಒಡೆದದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ಬಾದಾಮಿಯಿಲ್ಲ. ಆರುವ ಮೊದಲೇ ನಾನು ಹಚ್ಚಿಕೊಂಡೆ. ಬಡಗಿ ಮಾವ ಹಚ್ಚಿಕೊಂಡರು, ಈಗ ಅವರ ಮೀಸೆಯ ತುದಿ ನಿಂತಿದೆ. ಅಮ್ಮ ಹಚ್ಚಿಕೊಳ್ಳಲ್ಲ ಎಂದಳು, ನಾನು ಆಚೆ ತಿರುಗಿದಾಗ ಕಿರುಬೆರಳಲ್ಲಿ ಒಂಚೂರು ತೆಗೆದಳು. ಒಲೆಯ ಪಕ್ಕದ ಸ್ಟೀಲಿನ ಡಬ್ಬದಲ್ಲಿ ಕನ್ನಡಿಯ ಹಾಗೆ ಎಲ್ಲ ಕಾಣುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಈಗ ಓದುವಾಗ ಗೊತ್ತಾಗುತ್ತದೆ.

ಡಬ್ಬಿ ಕೈಗೆ ಬಂದ ದಿನದಿಂದಲೇ ಹಚ್ಚು. ಮಲಗುವಾಗ ದಪ್ಪಗೆ, ಹಗಲು ತೆಳ್ಳಗೆ. ಊದುವ ಮುಂಚೆ ಒರೆಸಿಬಿಡು, ಇಲ್ಲವಾದರೆ ತುತ್ತೂರಿ ಜಾರಿ ಮೂಗಿಗೆ ಬರುತ್ತದೆ. ಶುಕ್ರವಾರಕ್ಕೆ ನಿಲ್ಲಿಸಬೇಡ. ಡಬ್ಬಿ ಮುಗಿಯುವವರೆಗೂ, ಬೆರಳಿಗೆ ತಳ ತಾಗುವವರೆಗೂ ಬಳಸು. ಇದು ಆಜ್ಞೆ. ತಂಗಿಯರಿಗೆ ಆಜ್ಞೆ ಮಾಡುವ ಹಕ್ಕಿಲ್ಲ ಎನ್ನುವೆಯಾದರೆ ಅಂಥ ಕಾನೂನು ಎಲ್ಲಿದೆ ತೋರಿಸು, ಅಮ್ಮ ಟೈಪ್ ಮಾಡಿಕೊಡಲಿ.

ನಂಬಿಕೆ ಬರಲಿಲ್ಲವೋ, ಕಿಟಕಿಯಿಂದ ಆಚೆ ಎಸೆ. ಕೆಳಗಿನ ಅಂಗಡಿಯವನು ಸೈಕಲ್ ಚೈನಿಗೆ ಹಾಕಿಕೊಳ್ಳುತ್ತಾನೆ. ನಾನು ಅಳುವುದಿಲ್ಲ. ಇನ್ನೊಂದು ಮಾಡಿ ಕಳಿಸುತ್ತೇನೆ. ಅದನ್ನೂ ಎಸೆದರೆ ಇನ್ನೊಂದು. ಬಡಗಿ ಮಾವನ ಹತ್ತಿರ ಮೇಣ ಬೇಕಾದಷ್ಟಿದೆ, ನನ್ನ ಹತ್ತಿರ ಹಟ ಅದಕ್ಕಿಂತ ಹೆಚ್ಚಿದೆ. ನೀನು ಸೋತು ಹಚ್ಚಿಕೊಳ್ಳುವವರೆಗೆ ಆ ಬೀದಿಯ ಸೈಕಲ್ಲುಗಳೆಲ್ಲ ಸದ್ದಿಲ್ಲದೆ ಓಡಲಿ.

ಅಮ್ಮ ಇಲ್ಲಿಯವರೆಗೆ ಓದಿದಳು. “ಇದೇನು ಕ್ಷಮಾಪಣೆಯಾ, ಕೊಬ್ಬಾ?” ಎಂದಳು. ಕೊಬ್ಬರಿ ಎಣ್ಣೆ ಜಾಸ್ತಿಯಾಗಿದೆಯಮ್ಮಾ ಎಂದೆ. ತಲೆಗೆ ಮೊಟಕಿದಳು. ಸ್ಟೀಲಿನ ಡಬ್ಬದ ಸಾಲನ್ನು ಮಾತ್ರ ಎರಡು ಸಲ ಓದಿದಳು. ನಾಳೆ ಕೋರ್ಟಿಗೆ ಹೋಗುವ ದಾರಿಯಲ್ಲಿ ನಿನಗೆ ತಲುಪಿಸುತ್ತಾಳಂತೆ.

ತಲೆ ಬಾಗದ, ಮೊಟಕಿಸಿಕೊಂಡ, ನಿನ್ನ ಒಬ್ಬಳೇ ತಂಗಿ,
ಕಿತಾಪತಿ


ಮರೆತ ಮಾತು
(ಡಬ್ಬಿಯ ತಳದಲ್ಲಿ, ಮುಲಾಮಿನ ಅಡಿಯಲ್ಲಿ, ಬೆಳ್ಳಿ ಕಾಗದದಲ್ಲಿ ಸುತ್ತಿಟ್ಟ ಚೀಟಿ)

ಅಕ್ಕ, ನೀನು ಇದನ್ನು ಓದುತ್ತಿದ್ದೀಯ ಎಂದರೆ ಎರಡರಲ್ಲಿ ಒಂದು ನಡೆದಿದೆ. ಒಂದೋ, ಚಮಚ ಹಾಕಿ ಅಗೆದಿದ್ದೀಯ. ಹಾಗಿದ್ದರೆ ನೀನು ನನಗಿಂತ ದೊಡ್ಡ ಕಿತಾಪತಿ, ಇಲ್ಲಿಗೇ ನಿಲ್ಲಿಸು. ಇಲ್ಲವೇ, ದಿನಾ ಹಚ್ಚಿ ಹಚ್ಚಿ ತಳ ಮುಟ್ಟಿದ್ದೀಯ. ಕಾರಣ ಕೇಳದೆ ನಂಬಿದ್ದೀಯ. ಹಾಗಾದರೆ ಕಾರಣ ನಿನಗೆ ಸಲ್ಲಬೇಕು.

ಆ ಶೀಶೆಯಲ್ಲಿದ್ದದ್ದು ಅಜ್ಜಿಯ ಮಂಡಿನೋವಿನ ಎಣ್ಣೆ. ಅವಳ ಶೀಶೆಯ ಮುಚ್ಚಳ ಬಿಗಿ, ಬೆರಳಿಗೆ ತಿರುಗದು. ಅದಕ್ಕೆ ಅದನ್ನು ಬಾದಾಮಿ ಎಣ್ಣೆಯ ಶೀಶೆಗೆ ಸುರಿದು, ಬಾದಾಮಿ ಎಣ್ಣೆಯನ್ನು ತನ್ನದಕ್ಕೆ ಸುರಿದು, ನಮಗೆ ಹೇಳಲು ಮರೆತು, ಬದಲಾಯಿಸಿದ್ದನ್ನೂ ಮರೆತು, ಎಷ್ಟೋ ದಿನ ಅದೇ ಬಿಗಿ ಮುಚ್ಚಳವನ್ನು ಸೆರಗು ಹಿಡಿದು ತಿರುಗಿಸಿ, ಮಂಡಿಗೆ ಬಾದಾಮಿ ಎಣ್ಣೆ ತಿಕ್ಕಿಕೊಂಡಿದ್ದಾಳೆ. “ನೋವು ಒಂಚೂರೂ ಹೋಗಿಲ್ಲ ಕಣೇ, ಆದ್ರೆ ಮಂಡಿ ಮುಟ್ಟಿ ನೋಡು, ಹಸುಗೂಸಿನ ಕೆನ್ನೆ ಆಗಿದೆ” ಎಂದು ನನಗೆ ಮುಟ್ಟಿಸಿ ತೋರಿಸಿದಳು. ನಾನು ಗುಟ್ಟಾಗಿ ಶೀಶೆಗಳನ್ನು ಸರಿಮಾಡಿದ್ದೇನೆ. ಈಗ ನೋವು ಇಳಿದಿದೆ, ಮಂಡಿ ಒರಟಾಗಿದೆ, ಎಣ್ಣೆ ಕೆಟ್ಟುಹೋಯಿತು ಎಂದು ಗೊಣಗುತ್ತಿದ್ದಾಳೆ.

ಅಮ್ಮನಿಗೆ ತಿಳಿದರೆ ಅಜ್ಜಿಯ ಒಲೆ ಹೋಗುತ್ತದೆ. ಬಾಯಿ ಬಿಟ್ಟೆಯೋ, ತುತ್ತೂರಿಯಲ್ಲಿ ಮತ್ತೆ ಹತ್ತಿ.

ಡಬ್ಬಿಯನ್ನು ಅಮ್ಮನ ಕೈಯಲ್ಲಿ ಕಳಿಸಬೇಡ. ಅಜ್ಜಿಯ ಗುಂಡಿಗಳೆಲ್ಲ ಬಟ್ಟಲಲ್ಲಿ ಬಿದ್ದಿವೆ. ನೀನೇ ತಂದುಕೊಡು.