ಬೀಗರ ಮನೆಗೆ ಬುತ್ತಿ

೫ ನವೆಂಬರ್ ೧೯೫೯, ಗುರುವಾರ. ದಾವಣಗೆರೆ.

ಇವತ್ತು ಬೆಳಗ್ಗೆಯೂ ಬಚ್ಚಲಲ್ಲಿ ನಾನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತಿದ್ದವು. ಹೆಂಡತಿ ಓಬಕ್ಕ ನೋಡುವ ಮೊದಲೇ ನೀರು ಸುರಿದು ಬಂದೆ. ಹಬ್ಬ ಮುಗಿದಾಗಿನಿಂದ ಜೋಳದ ರೊಟ್ಟಿ, ಸೊಪ್ಪು, ನೀರುಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಿಲ್ಲ. ಆದರೂ ಸಕ್ಕರೆ ಕಾಯಿಲೆ ಇಳಿದಿಲ್ಲ.

ದೀಪಾವಳಿಗೆ ಹೊಸ ಅಳಿಯ ಬಂದಿದ್ದ. ಪಂಕ್ತಿಯಲ್ಲಿ ಹಿರಿಯರು ಎದ್ದರೆ ಅಳಿಯನೂ ಅರ್ಧಕ್ಕೇ ಏಳಬೇಕಾಗುತ್ತದೆ. ಅವನ ಹೊಟ್ಟೆ ತುಂಬಲಿ ಎಂದು ನಾನೂ ಹೋಳಿಗೆ ಹಾಕಿಸಿಕೊಳ್ಳುತ್ತಲೇ ಹೋದೆ. ಒಂಟಿ ಬಡಿಸಬಾರದೆಂದು ಓಬಕ್ಕ ಪ್ರತಿ ಸಲವೂ ಎರಡೆರಡು ಹಾಕಿದಳು. ಸುಳ್ಳೇಕೆ, ಕೊನೆಯ ಸಲ ಕೇಳಿ ಹಾಕಿಸಿಕೊಂಡವನು ನಾನೇ.

ಕಾಲಿನ ಹೆಬ್ಬೆರಳಿನ ಗಾಯ ಒಣಗುತ್ತಿಲ್ಲ. ಅಣ್ಣನಿಗೂ ಹೀಗೇ ಶುರುವಾಗಿತ್ತು. ಕಾಲು ತೆಗೆದರೂ ಉಳಿಯಲಿಲ್ಲ.

ನಾಳೆ ಹರಿಹರದಲ್ಲಿ ಬೀಗರ ಊಟ. ಹೋಳಿಗೆ ಬೇಡವೆಂದರೆ ಬೀಗಿತ್ತಿ ನನಗೇನೂ ಅನ್ನುವುದಿಲ್ಲ, ಮಗಳು ದುರುಗಮ್ಮನಿಗೆ ವರ್ಷವಿಡೀ ಎತ್ತಿ ಆಡುತ್ತಾಳೆ. ತಿಂದರೆ ಈ ಕಾಲು.

ಈಗಷ್ಟೇ ರೊಟ್ಟಿ ಬಡಿಯುವ ಸದ್ದು ಕೇಳಿ ಅಡುಗೆಮನೆಗೆ ಹೋದೆ. ಓಬಕ್ಕ ನಾಳೆಗೆ ಬುತ್ತಿ ಮಾಡುತ್ತಿದ್ದಳು.

"ಬೀಗರ ಮನಿಗೆ ಯಾರಾದ್ರೂ ಬುತ್ತಿ ಒಯ್ತಾರೇನೆ? ನಗ್ತಾರೆ," ಅಂದೆ.

"ನಗ್ಲಿ ಬಿಡ್ರಿ. ನಾನೂ ರೊಟ್ಟಿನೇ ತಿಂತೀನಿ. ಇಬ್ರಿಗೂ ವ್ರತ ಐತೆ ಅಂತ ಹೇಳ್ತೀನಿ."

"ಯಾವ ವ್ರತ?"

ಅವಳು ತಲೆ ಎತ್ತಲಿಲ್ಲ. "ದಿನಾ ನನಗಿಂತ ಮೊದ್ಲೇ ಎದ್ದು ಬಚ್ಚಲಿಗೆ ನೀರು ಸುರಿತೀರಲ್ಲ, ಆ ವ್ರತ."

ಅಲ್ಲಿಂದ ಬಂದು ಇದನ್ನು ಬರೆಯುತ್ತಿದ್ದೇನೆ. ಬುತ್ತಿಯೇನೋ ಇರುತ್ತದೆ. ಆದರೆ ನಾಳೆ ದುರುಗಮ್ಮನೇ ಅತ್ತೆಯ ಎದುರು ಹೋಳಿಗೆ ಹಿಡಿದು ನನ್ನ ಎಲೆಯ ಮುಂದೆ ಬಂದು ನಿಂತರೆ, ಬೇಡ ಅನ್ನಲು ಬಾಯಿ ಬಂದೀತೇ?