ಅಕ್ಕ ಎರಡನೇ ಸಲ ಕರೆಯಲಿಲ್ಲ

ಆಬಾನ್ ತಿಂಗಳ ಹದಿನಾಲ್ಕು, ತೆಹರಾನ್

ಹಾಳಾದ ಸಫ್ದರ್! ಟೀವಿಯಲ್ಲಿ ಅವನ ವೇಷ ಹಾಕಿದ್ದೇ ತಪ್ಪಾಯಿತು. ಯಾರಾದರೂ ಬಾಯಿಮಾತಿಗೆ "ಊಟ ಮಾಡಿ" ಅಂದರೂ ಸಾಕು, ಆ ಪೆದ್ದ ಚಮಚ ಎತ್ತಿಕೊಂಡು ಕೂತುಬಿಡುತ್ತಿದ್ದ. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

ಈಗ ನನಗೆ ಯಾರೂ ಉಪಚಾರ ಹೇಳುವುದಿಲ್ಲ. ಎಲ್ಲರಿಗೂ "ನಿಮ್ಮ ಹತ್ರ ದುಡ್ಡು ತಗೊಳ್ಳೋದಾ, ಬಿಡಿ" ಅನ್ನುವ ಟ್ಯಾಕ್ಸಿಯವನು ಇವತ್ತು ನೇರವಾಗಿ ಕೈ ಚಾಚಿದ. "ನಿಮಗೆ ಹಾಗನ್ನಲ್ಲಪ್ಪಾ, ನಿಜವಾಗ್ಲೂ ಇಳಿದು ಹೋಗಿಬಿಡ್ತೀರಿ!"

ಅದಾದರೂ ಹೋಗಲಿ. ನಾನು ನಟನಾದದ್ದಕ್ಕೆ ಮಾತು ಬಿಟ್ಟವಳು ಅಕ್ಕ ಫರಂಗೀಸ್. "ನಿನ್ನ ಕೋಡಂಗಿ ಆಟ ಕಣ್ಣೆತ್ತಿಯೂ ನೋಡಲ್ಲ" ಅಂತ ಅಮ್ಮನ ಆಣೆ ಹಾಕಿದ್ದಳು. ಇವತ್ತು ನಾನೇ ಸೋತು ಅವಳ ಮನೆಗೆ ಹೋದೆ. ಚಹಾ ಕೊಟ್ಟಳು. ಒಲೆಯ ಮೇಲೆ ಸೊಪ್ಪು, ಮಾಂಸದ ಸಾರು ಕುದಿಯುತ್ತಿತ್ತು, ಥೇಟ್ ಅಮ್ಮ ಮಾಡಿದ ಘಮ. ಹೊರಟು ನಿಂತಾಗ, "ಊಟ ಮಾಡ್ಕೊಂಡು ಹೋಗೋ" ಅಂದಳು.

ಮೊದಲ ಸಲ ಒಲ್ಲೆ ಅನ್ನುವುದು ಮರ್ಯಾದೆ. "ಬೇಡಕ್ಕಾ, ನಿಂಗ್ಯಾಕೆ ತೊಂದ್ರೆ" ಅಂದೆ. ಇನ್ನೊಮ್ಮೆ ಕರೆಯಲಿ ಎಂದು ಬೂಟಿನ ದಾರ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. "ಸರಿ, ಹುಷಾರಾಗಿ ಹೋಗು" ಎಂದು ಬಾಗಿಲು ಹಾಕಿಕೊಂಡಳು! ಮನೆಗೆ ಬಂದು ಒಣ ರೊಟ್ಟಿ ಕಡಿದೆ.

ಈಗಷ್ಟೇ ಅವಳ ಮಗಳ ಫೋನ್. "ಮಾಮಾ, ಅಮ್ಮ ಊಟಾನೇ ಮಾಡಿಲ್ಲ. 'ಯಾರು ಕರೆದ್ರೂ ಚಮಚ ಎತ್ಕೊಂಡು ಕೂತ್ಕೊಳ್ತಿದ್ದ, ನನ್ನ ಮನೇಲಿ ಮಾತ್ರ ಒಲ್ಲೆ ಅಂದ' ಅಂತ ಅಳ್ತಿದ್ದಾಳೆ."

ಅಯ್ಯೋ ಪೆದ್ದೀ, ಅದು ಸಫ್ದರ್, ನಾನಲ್ಲ...

ತಾಳು. ಆ ಚಮಚದ ವಿಷಯ ಅಕ್ಕನಿಗೆ ಹೇಗೆ ಗೊತ್ತು?